ದೇಶ ಎಣಿಸಬೇಡಿ, ರಾತ್ರಿ ಎಣಿಸಿ

ಪ್ರಶ್ನೆ: ನಮ್ಮದು ದಾವಣಗೆರೆ. ನಾನು, ನಮ್ಮ ಯಜಮಾನರು, ಒಂಬತ್ತನೇ ಕ್ಲಾಸಿನ ಮಗಳು ಮತ್ತು 69 ವರ್ಷದ ನಮ್ಮತ್ತೆ, ನಾಲ್ಕು ಜನ ಮುಂದಿನ ಬೇಸಿಗೆ ರಜೆಯಲ್ಲಿ ಯುರೋಪ್‌ಗೆ ಹೋಗಬೇಕು ಅಂತಿದ್ದೇವೆ. ಎರಡು ವಾರ ರಜೆ ಸಿಗುತ್ತದೆ. ಏಜೆಂಟರು 11 ದಿನಕ್ಕೆ 9 ದೇಶದ ಬಸ್ ಪ್ಯಾಕೇಜ್ ಹೇಳಿದ್ದಾರೆ. ಜೀವನದಲ್ಲಿ ಒಂದೇ ಸಲ ಹೋಗುವುದು, ಆದಷ್ಟೂ ಎಲ್ಲ ನೋಡಿಬಿಡೋಣ ಅಂತ ಯಜಮಾನರ ಆಸೆ. ಅತ್ತೆಗೆ ಮಂಡಿ ನೋವು. ಅವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹಾಕಿದ ದುಡ್ಡಿಗೆ ಪೂರ್ತಿ ಫಲ ಸಿಗಬೇಕಾದರೆ ಹೇಗೆ ಹೋಗಬೇಕು?

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ಆ ಪ್ಯಾಕೇಜಿನ ಲೆಕ್ಕ ಹಾಕಿದೆ. 11 ದಿನದಲ್ಲಿ ಹೋಗುವ ದಿನ, ಬರುವ ದಿನ ಕಳೆದರೆ ಉಳಿಯುವುದು 9. ಒಂಬತ್ತು ದಿನಕ್ಕೆ ಒಂಬತ್ತು ದೇಶ. ಅಂದರೆ ಹೆಚ್ಚುಕಮ್ಮಿ ದಿನಾ ರಾತ್ರಿ ಸೂಟ್‌ಕೇಸ್ ಬಿಚ್ಚಬೇಕು, ದಿನಾ ಬೆಳಿಗ್ಗೆ ಕಟ್ಟಬೇಕು. ನಿಮ್ಮತ್ತೆಯವರ ಮಂಡಿಗೆ ಬೆಟ್ಟ ಹತ್ತುವುದಕ್ಕಿಂತ ಇದೇ ಕಷ್ಟ.

ನಾನು ಹೇಳುವುದು ಒಂದೇ. ದೇಶ ಎಣಿಸಬೇಡಿ, ರಾತ್ರಿ ಎಣಿಸಿ. ಒಂದು ಊರಿನಲ್ಲಿ ನಾಲ್ಕು ರಾತ್ರಿಗಿಂತ ಕಡಿಮೆ ಇರಬೇಡಿ. ಹೋಟೆಲ್ ಬದಲಿಸಿದ ದಿನ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಎರಡು ವಾರಕ್ಕೆ ಮೂರು ಊರು ಸಾಕು.

ಎಂಟು ವರ್ಷ ನಾನೇ ಇಂಥ ಬಸ್ ಟೂರುಗಳ ಜೊತೆ ಟೂರ್ ಮ್ಯಾನೇಜರ್ ಆಗಿ ಓಡಾಡಿದ್ದೇನೆ. ಈಗ ಬೆಂಗಳೂರಿನಲ್ಲಿ ಕುಟುಂಬಗಳಿಗೆ ಪ್ರವಾಸದ ಯೋಜನೆ ಹಾಕಿಕೊಡುತ್ತೇನೆ. ಬಸ್ ಟೂರು ಕೆಟ್ಟದ್ದು ಅಂತ ಖಂಡಿತ ಹೇಳುವುದಿಲ್ಲ. ಹೊಸ ಊರು, ಬಾರದ ಭಾಷೆ ಅಂದರೆ ಹೆದರುವವರಿಗೆ, ಎರಡು ಹೊತ್ತೂ ನಮ್ಮ ಕಡೆಯ ಊಟವೇ ಬೇಕು ಅನ್ನುವವರಿಗೆ ಅದು ದೊಡ್ಡ ಆಸರೆ. ಆದರೆ ಅಲ್ಲಿ ನಿಮ್ಮ ದಿನ ನಿಮ್ಮ ಕೈಯಲ್ಲಿ ಇರುವುದಿಲ್ಲ. ಯುರೋಪಿನ ಕಾನೂನಿನ ಪ್ರಕಾರ ಬಸ್ ಡ್ರೈವರ್ ದಿನಕ್ಕೆ 9 ಗಂಟೆ ಮಾತ್ರ ಓಡಿಸಬಹುದು, ವಾರದಲ್ಲಿ ಎರಡು ದಿನ 10 ಗಂಟೆ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಿಸಲೇಬೇಕು. ಬಸ್ಸಿನಲ್ಲಿರುವ ಟ್ಯಾಕೋಗ್ರಾಫ್ ಅನ್ನುವ ಯಂತ್ರ ಇದನ್ನೆಲ್ಲ ದಾಖಲು ಮಾಡುತ್ತಿರುತ್ತದೆ. ಒಳ್ಳೆಯ ಕಾನೂನು, ಅದರಿಂದ ಎಷ್ಟೋ ಜೀವ ಉಳಿಯುತ್ತದೆ. ಆದರೆ ಒಂಬತ್ತು ದೇಶ ಸುತ್ತಬೇಕಾದ ಬಸ್ಸಿಗೆ ಆ ಗಂಟೆಗಳೆಲ್ಲ ರಸ್ತೆಯಲ್ಲೇ ಮುಗಿಯುತ್ತವೆ. ಹೈವೇ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ಮುಕ್ಕಾಲು ಗಂಟೆ ನಿಲ್ಲುತ್ತೀರಿ. ಜಲಪಾತದ ಕೆಳಗೆ ಇಪ್ಪತ್ತು ನಿಮಿಷ.

ಆ ಇಪ್ಪತ್ತು ನಿಮಿಷ ನನಗೆ ಚೆನ್ನಾಗಿ ಗೊತ್ತು. ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನ್ನನ್ ಊರಿನಲ್ಲಿ ಬಸ್ ನಿಲ್ಲಿಸಿದ್ದೆವು. ಎಲ್ಲರೂ ಫೋಟೋ ತೆಗೆಯಲು ಓಡಿದರು. ತರೀಕೆರೆ ಕಡೆಯ ಒಬ್ಬ ಅಜ್ಜಿ ಮಾತ್ರ ದಾರಿ ಪಕ್ಕದ ಬೆಂಚಿನ ಮೇಲೆ ಕೂತರು. ಚಪ್ಪಲಿ ಬಿಟ್ಟು ಎರಡೂ ಪಾದ ಹುಲ್ಲಿನ ಮೇಲಿಟ್ಟರು. ಎದುರಿಗೆ ಸುಮಾರು 300 ಮೀಟರ್ ಎತ್ತರದಿಂದ ಬೀಳುವ ಸ್ಟೌಬ್‌ಬಾಕ್ ಜಲಪಾತ. ನೆಲ ಮುಟ್ಟುವ ಹೊತ್ತಿಗೆ ನೀರು ನೀರಾಗಿ ಉಳಿದಿರುವುದಿಲ್ಲ, ಹೊಗೆಯ ಹಾಗೆ ಗಾಳಿಯಲ್ಲಿ ಆ ಕಡೆ ಈ ಕಡೆ ತೇಲುತ್ತದೆ. ಎಲ್ಲೋ ಹಸುಗಳ ಕೊರಳ ಗಂಟೆ ಕೇಳುತ್ತಿತ್ತು. ನಾನು ಹೋಗಿ, "ಅಜ್ಜಿ, ಟೈಮಾಯ್ತು, ಹೊರಡೋಣ" ಅಂದೆ. "ಈಗ ತಾನೇ ಕೂತೆ ಕಣಪ್ಪಾ" ಅಂದರು. ಕೈ ಹಿಡಿದು ಎಬ್ಬಿಸಿದೆ. ಬಸ್ ಹತ್ತಿದ ಮೇಲೂ ತಿರುವು ಬರುವವರೆಗೆ ಕಿಟಕಿಯಿಂದ ಹಿಂದೆ ನೋಡುತ್ತಲೇ ಇದ್ದರು. ಅಷ್ಟು ದೂರ ಬಂದವರನ್ನು, ಅವರು ಕೂರಬೇಕು ಅಂದ ಜಾಗದಿಂದಲೇ ಎಬ್ಬಿಸಿದೆನಲ್ಲ ಅನ್ನುವ ನೋವು ನನಗೆ ಇವತ್ತಿಗೂ ಇದೆ. ನಿಮ್ಮತ್ತೆಯವರಿಗೆ ಹಾಗಾಗಬಾರದು.

ಈಗ ನಿಮ್ಮ ಪ್ರವಾಸಕ್ಕೆ ಬರೋಣ. ಪ್ಯಾರಿಸ್ 5 ರಾತ್ರಿ, ಸ್ವಿಟ್ಜರ್ಲೆಂಡಿನ ಸ್ಪೀಟ್ಸ್ 4 ರಾತ್ರಿ, ರೋಮ್ 4 ರಾತ್ರಿ. ಒಟ್ಟು 13. ಹೋಗುವಾಗ ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನವಿದೆ. ಬರುವಾಗ ರೋಮ್‌ನಿಂದ ಒಂದು ಕಡೆ ವಿಮಾನ ಬದಲಿಸಿ ಬನ್ನಿ. ಟಿಕೆಟ್ ಹುಡುಕುವಾಗ 'ಮಲ್ಟಿ ಸಿಟಿ' ಅಂತ ಹಾಕಿ ಎರಡನ್ನೂ ಒಂದೇ ಟಿಕೆಟ್ಟಿನಲ್ಲಿ ತೆಗೆದುಕೊಳ್ಳಿ. ಹೋದ ಊರಿಗೇ ವಾಪಸ್ ಬಂದು ವಿಮಾನ ಹತ್ತಬೇಕು ಅಂತ ಸುಮ್ನೆ ಒಂದು ದಿನ ಕಳೆಯುವ ಕುಟುಂಬಗಳನ್ನು ತುಂಬಾ ನೋಡಿದ್ದೇನೆ.

ಲಂಡನ್ ಬಿಟ್ಟಿದ್ದೇನೆ, ಬೇಕಂತಲೇ. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪಿಗೆ ಷೆಂಗೆನ್ ಅಂತಾರೆ. ಬ್ರಿಟನ್ ಅದರಲ್ಲಿಲ್ಲ, ಅದಕ್ಕೆ ಬೇರೆ ವೀಸಾ, ಬೇರೆ ಖರ್ಚು. ಇನ್ನೊಂದು ಸಲಕ್ಕಿರಲಿ.

ಬೇಸಿಗೆ ರಜೆ ಅಂದಿರಿ. ಹಾಗಾದರೆ ಮೇ ತಿಂಗಳ ಎರಡನೇ ಅರ್ಧ ನೋಡಿ. ಪ್ಯಾರಿಸ್‌ನಲ್ಲಿ ಆಗ ರಾತ್ರಿ ಒಂಬತ್ತೂವರೆವರೆಗೂ ಬೆಳಕಿರುತ್ತದೆ. ಆಲ್ಪ್ಸ್‌ನಲ್ಲಿ ಹಿಮ ಕರಗಿ ಜಲಪಾತಗಳೆಲ್ಲ ತುಂಬಿ ಬೀಳುತ್ತಿರುತ್ತವೆ. ರೋಮ್ ಇನ್ನೂ ಕಾದಿರುವುದಿಲ್ಲ. ಜುಲೈ, ಆಗಸ್ಟಿನ ರೋಮ್ ದಾವಣಗೆರೆಯ ಏಪ್ರಿಲ್ ಇದ್ದ ಹಾಗೆ, ವಯಸ್ಸಾದವರಿಗೆ ಬೇಡ. ಮೇ ತಿಂಗಳ ಒಂದು ಕೊರತೆ ಅಂದರೆ, ಕೆಲವು ಬೆಟ್ಟದ ರೈಲು, ಕೇಬಲ್ ಕಾರುಗಳು ರಿಪೇರಿಗೆ ಅಂತ ನಿಂತಿರುತ್ತವೆ. ಉದಾಹರಣೆಗೆ ಷೀನಿಗೆ ಪ್ಲಾಟ್ಟೆಯ ಹಳೆಯ ರೈಲು ಶುರುವಾಗುವುದೇ ಜೂನ್ ಹೊತ್ತಿಗೆ. ಹೋಗುವ ಮುಂಚೆ ಆಯಾ ಬೆಟ್ಟದ ವೆಬ್‌ಸೈಟ್ ನೋಡಿಕೊಳ್ಳಿ.

ಪ್ಯಾರಿಸ್‌ನಲ್ಲಿ ಗಾರ್ ದ ಲಿಯಾನ್ ರೈಲ್ವೆ ಸ್ಟೇಷನ್ ಹತ್ತಿರ ಮನೆ ಅಥವಾ ಹೋಟೆಲ್ ಹಿಡಿಯಿರಿ. ಐದು ದಿನ ಆದ ಮೇಲೆ ಸ್ವಿಟ್ಜರ್ಲೆಂಡ್ ರೈಲು ಹೊರಡುವುದು ಅಲ್ಲಿಂದಲೇ. ವಿಮಾನ ನಿಲ್ದಾಣದಿಂದ ಊರೊಳಗೆ ಬರಲು ಎಲ್ಲರೂ ರೈಲನ್ನೇ ಹೇಳುತ್ತಾರೆ. ನಾಲ್ಕು ಜನರಿಗೆ ಅದು ಲಾಭವಲ್ಲ. 2025ರ ದರದಲ್ಲಿ ರೈಲಿಗೆ ತಲೆಗೆ 13 ಯೂರೋ, ನಾಲ್ವರಿಗೆ 52. ಟ್ಯಾಕ್ಸಿಗೆ ಸರ್ಕಾರವೇ ನಿಗದಿ ಮಾಡಿದ ದರವಿದೆ: ಸೇನ್ ನದಿಯ ಬಲದಂಡೆಗೆ 56 ಯೂರೋ, ಎಡದಂಡೆಗೆ 65. ಗಾರ್ ದ ಲಿಯಾನ್ ಇರುವುದು ಬಲದಂಡೆಯಲ್ಲಿ. ನಾಲ್ಕೇ ಯೂರೋ ಜಾಸ್ತಿ ಕೊಟ್ಟರೆ ಅತ್ತೆಯವರು ಮೆಟ್ಟಿಲು ಹತ್ತಿ ಇಳಿಯುವುದು ತಪ್ಪುತ್ತದೆ. ಆದರೆ ಒಳಗೆ ಬಂದು "ಟ್ಯಾಕ್ಸಿ, ಟ್ಯಾಕ್ಸಿ" ಅಂತ ಕರೆಯುವವರ ಹಿಂದೆ ಹೋಗಬೇಡಿ. ಹೊರಗೆ ಬೋರ್ಡ್ ಇರುವ ಟ್ಯಾಕ್ಸಿ ಸಾಲಿನಲ್ಲೇ ನಿಲ್ಲಿ.

ಮೊದಲ ದಿನ ಯಾವ ಟಿಕೆಟ್ಟೂ ಬುಕ್ ಮಾಡಬೇಡಿ. ರಾತ್ರಿಯಿಡೀ ವಿಮಾನದಲ್ಲಿ ಕೂತು ಬಂದಿರುತ್ತೀರಿ. ರೂಮ್ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ ಮೂರರ ಮೇಲೆ. ಲಗೇಜ್ ಇಟ್ಟು, ಏನಾದರೂ ತಿಂದು, ಹತ್ತಿರದ ಪಾರ್ಕಿನಲ್ಲಿ ಕೂತಿರಿ. ಸಂಜೆ ಸೇನ್ ನದಿಯಲ್ಲಿ ಒಂದು ಗಂಟೆಯ ದೋಣಿ ಸುತ್ತು ಹಾಕಿ. ನಡೆಯುವ ಕೆಲಸವೇ ಇಲ್ಲ, ಊರಿನ ಮುಖ್ಯ ಕಟ್ಟಡಗಳೆಲ್ಲ ಎರಡೂ ದಡದಲ್ಲಿ ಸಾಲಾಗಿ ಬರುತ್ತವೆ.

ಮರುದಿನದಿಂದ ಒಂದು ಲಾಭ ಪಡೆಯಿರಿ. ಬೇಸಿಗೆಯಲ್ಲಿ ಫ್ರಾನ್ಸ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ ಐದು ಅಂದರೆ ನಿಮ್ಮ ದೇಹಕ್ಕೆ ಎಂಟೂವರೆ. ಮೊದಲ ಮೂರು ನಾಲ್ಕು ದಿನ ಎಲ್ಲರಿಗೂ ತಾನಾಗಿಯೇ ಬೇಗ ಎಚ್ಚರವಾಗುತ್ತದೆ. ನಿದ್ದೆ ಬರಲಿಲ್ಲ ಅಂತ ಹೊರಳಾಡಬೇಡಿ. ಎದ್ದು ಟ್ರೊಕಾಡೆರೋಗೆ ಹೋಗಿ. ಹಗಲು ಕಾಲಿಡಲು ಜಾಗವಿಲ್ಲದ ಆ ಕಟ್ಟೆಯ ಮೇಲೆ ಬೆಳಿಗ್ಗೆ ಆರಕ್ಕೆ ಬೆರಳೆಣಿಕೆಯಷ್ಟು ಜನ ಇರುತ್ತಾರೆ. ಎದುರಿಗೆ ಐಫೆಲ್ ಗೋಪುರ ಬುಡದಿಂದ ತುದಿವರೆಗೆ ಕಾಣುತ್ತದೆ. ಸಂಜೆ ಏಳಕ್ಕೆ ಊಟ ಮುಗಿಸಿ ಮಲಗಿದರೂ ಪರವಾಗಿಲ್ಲ. ಆದರೆ ಒಂದು ರಾತ್ರಿ ಮಾತ್ರ ಎಚ್ಚರವಿದ್ದು ಗೋಪುರದ ದೀಪ ನೋಡಿ. ಕತ್ತಲಾದ ಮೇಲೆ ಗಂಟೆ ಹೊಡೆದಾಗೊಮ್ಮೆ ಐದು ನಿಮಿಷ ಪೂರ್ತಿ ಗೋಪುರ ಮಿನುಗುತ್ತದೆ. ನಿಮ್ಮ ಮಗಳು ಅದನ್ನು ಮರೆಯುವುದಿಲ್ಲ.

ಮೆಟ್ರೋ ವಿಷಯ ಹೇಳಲೇಬೇಕು. ಪ್ಯಾರಿಸ್ ಮೆಟ್ರೋ ಹಳೆಯದು, 1900ರಲ್ಲಿ ಶುರುವಾದದ್ದು. ಹೆಚ್ಚಿನ ಸ್ಟೇಷನ್‌ಗಳಲ್ಲಿ ಲಿಫ್ಟ್ ಇಲ್ಲ. ಮಂಡಿ ನೋವಿನವರಿಗೆ ಅದು ಕಷ್ಟ. ಇದ್ದದ್ದರಲ್ಲಿ 14ನೇ ಲೈನ್ ಒಂದೇ ಆರಾಮ, ಅದು ಗಾರ್ ದ ಲಿಯಾನ್‌ಗೂ ಬರುತ್ತದೆ. ಉಳಿದ ಕಡೆಗೆ ಸಿಟಿ ಬಸ್ ಹಿಡಿಯಿರಿ. ಬಸ್ಸಿನ ನೆಲ ತಗ್ಗಾಗಿರುತ್ತದೆ, ಮೆಟ್ಟಿಲು ಹತ್ತುವ ಹಾಗಿಲ್ಲ, ಕಿಟಕಿಯಿಂದ ಊರೂ ಕಾಣುತ್ತದೆ. 69ನೇ ನಂಬರ್ ಬಸ್ ಐಫೆಲ್ ಗೋಪುರದ ಕಡೆಯಿಂದ ಲೂವ್ರ್ ದಾಟಿ ಬಾಸ್ತೀಲ್‌ವರೆಗೆ ಹೋಗುತ್ತದೆ. ಬಸ್ ಟಿಕೆಟ್ ದರದಲ್ಲೇ ಊರು ನೋಡಿದ ಹಾಗಾಗುತ್ತದೆ.

ಲೂವ್ರ್ ಮ್ಯೂಸಿಯಂ ಮಂಗಳವಾರ ರಜೆ. ಬುಧವಾರ, ಶುಕ್ರವಾರ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಆ ಸಂಜೆಗಳಲ್ಲೇ ಹೋಗಿ. 18 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ಗುರುತಿನ ಚೀಟಿ ಕೊಟ್ಟರೆ ವೀಲ್‌ಚೇರ್ ದುಡ್ಡಿಲ್ಲದೆ ಕೊಡುತ್ತಾರೆ. ಅತ್ತೆಯವರು ಬೇಡ ಅಂದರೂ ತೆಗೆದುಕೊಳ್ಳಿ, ಯಾಕೆಂದರೆ ಅಲ್ಲಿ ಕಿಲೋಮೀಟರುಗಟ್ಟಲೆ ನಡೆಯಬೇಕಾಗುತ್ತದೆ. ಪೂರ್ತಿ ನೋಡುವ ಹಟ ಬೇಡ. ಎರಡು ಗಂಟೆ, ಹತ್ತು ವಸ್ತು, ಅಷ್ಟೇ. ಮೋನಾಲಿಸಾ ಇರುವ ಕೋಣೆಗೆ ಹೋದಾಗ ಒಂದು ಕೆಲಸ ಮಾಡಿ. ಆ ಚಿತ್ರ ಚಿಕ್ಕದು, 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲ. ಜನ ಅದರ ಮುಂದೆ ಫೋನ್ ಎತ್ತಿ ಹಿಡಿದು ಮುತ್ತಿರುತ್ತಾರೆ. ನೀವು ನೋಡಿದ ಮೇಲೆ ಹಿಂದಕ್ಕೆ ತಿರುಗಿ. ಎದುರು ಗೋಡೆಯ ತುಂಬಾ ಇರುವುದು ವೆರೊನೇಸೆ 1563ರಲ್ಲಿ ಮುಗಿಸಿದ ಕಾನಾ ಊರಿನ ಮದುವೆ ಊಟದ ಚಿತ್ರ. ಹತ್ತಿರಹತ್ತಿರ 7 ಮೀಟರ್ ಎತ್ತರ, 10 ಮೀಟರ್ ಅಗಲ, ಲೂವ್ರ್‌ನಲ್ಲೇ ಅತಿ ದೊಡ್ಡದು. ನೂರಕ್ಕೂ ಹೆಚ್ಚು ಜನ ಪಂಕ್ತಿಯಲ್ಲಿ ಕೂತಿದ್ದಾರೆ, ಬಡಿಸುವವರು ಓಡಾಡುತ್ತಿದ್ದಾರೆ, ನಾಯಿಗಳಿವೆ, ವಾದ್ಯ ನುಡಿಸುವವರಿದ್ದಾರೆ. ನಮ್ಮ ಮದುವೆ ಮನೆಗಳನ್ನು ಕಂಡ ಯಾರಿಗಾದರೂ ಆ ಗಡಿಬಿಡಿ ಅರ್ಥವಾಗುತ್ತದೆ. ಅತ್ತೆಯವರ ಕುರ್ಚಿಯನ್ನು ಅದರ ಮುಂದೆ ನಿಲ್ಲಿಸಿ, ಹತ್ತು ನಿಮಿಷ ಬಿಡಿ.

ನೋತ್ರ್ ದಾಮ್ ಚರ್ಚ್ 2019ರ ಏಪ್ರಿಲ್‌ನಲ್ಲಿ ಬೆಂಕಿಗೆ ಸಿಕ್ಕಿ, 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದಿದೆ. ಒಳಗೆ ಹೋಗಲು ದುಡ್ಡಿಲ್ಲ. ಯಾರಾದರೂ ಪ್ರವೇಶದ ಟಿಕೆಟ್ ಅಂತ ಮಾರಿದರೆ ಕೊಳ್ಳಬೇಡಿ. ಐದರಲ್ಲಿ ಒಂದು ಮಧ್ಯಾಹ್ನ ಏನೂ ಇಟ್ಟುಕೊಳ್ಳದೆ ಲಕ್ಸಂಬರ್ಗ್ ತೋಟದ ಹಸಿರು ಕುರ್ಚಿಗಳಲ್ಲಿ ಕೂತುಬಿಡಿ. ಹಾಗೆ ಕೂತಾಗಲೇ ಊರಿನ ಜನ ಹೇಗೆ ಬದುಕುತ್ತಾರೆ ಅನ್ನುವುದು ಕಣ್ಣಿಗೆ ಬೀಳುತ್ತದೆ.

ಪ್ಯಾರಿಸ್‌ನಿಂದ ಬಾಸೆಲ್‌ಗೆ ಟಿಜಿವಿ ಅನ್ನುವ ವೇಗದ ರೈಲಿನಲ್ಲಿ ಸುಮಾರು ಮೂರು ಗಂಟೆ. ಅಲ್ಲಿ ಬದಲಿಸಿ ಬರ್ನ್, ಥೂನ್ ಮೇಲೆ ಸ್ಪೀಟ್ಸ್. ಈ ದೂರದ ರೈಲುಗಳ ಟಿಕೆಟ್ ವಿಮಾನದ ಹಾಗೆಯೇ, ಬೇಗ ತೆಗೆದುಕೊಂಡರೆ ಅಗ್ಗ, ಕೊನೆಗೆ ದುಬಾರಿ. ಸ್ವಿಟ್ಜರ್ಲೆಂಡಿನ ಒಳಗೆ ಹಾಗಿಲ್ಲ, ಯಾವ ರೈಲು ಬೇಕಾದರೂ ಹತ್ತಬಹುದು.

ಎಲ್ಲರೂ ಇಂಟರ್‌ಲಾಕೆನ್‌ನಲ್ಲಿ ಉಳಿಯುತ್ತಾರೆ, ನಾನು ಯಾಕೆ ಸ್ಪೀಟ್ಸ್ ಅಂದೆ? ಥೂನ್ ಸರೋವರದ ದಡದಲ್ಲಿ ಇರುವ ಚಿಕ್ಕ ಊರು ಅದು. ಒಂದು ಹಳೆಯ ಕೋಟೆ, ಅದರ ಹಿಂದೆ ದ್ರಾಕ್ಷಿ ತೋಟ, ಕೆಳಗೆ ದೋಣಿ ಕಟ್ಟೆ. ಇಂಟರ್‌ಲಾಕೆನ್‌ಗೆ ರೈಲಿನಲ್ಲಿ ಇಪ್ಪತ್ತು ನಿಮಿಷ ಅಷ್ಟೇ. ಮುಂದೆ ಇಟಲಿಗೆ ಹೋಗುವ ರೈಲು ಇಲ್ಲೇ ನಿಲ್ಲುತ್ತದೆ. ಸಂಜೆ ಜನಜಂಗುಳಿ ಇಲ್ಲ.

ಸ್ವಿಸ್ ಟ್ರಾವೆಲ್ ಪಾಸ್ 4 ದಿನದ್ದು ತೆಗೆದುಕೊಳ್ಳಿ. ರೈಲು, ಬಸ್, ಸರೋವರದ ದೋಣಿ ಎಲ್ಲವೂ ಅದರಲ್ಲಿ ಬರುತ್ತದೆ. ಮಗಳಿಗೆ 16 ತುಂಬಿಲ್ಲದಿದ್ದರೆ ಸ್ವಿಸ್ ಫ್ಯಾಮಿಲಿ ಕಾರ್ಡ್ ಕೇಳಿ. ಅದು ಉಚಿತ. ತಂದೆ ಅಥವಾ ತಾಯಿಯ ಜೊತೆ ಅವಳೂ ಉಚಿತವಾಗಿ ಓಡಾಡಬಹುದು. ಇದನ್ನು ಕೇಳದೆ ಮಕ್ಕಳಿಗೂ ಪಾಸ್ ಕೊಂಡವರಿದ್ದಾರೆ.

ಯುಂಗ್‌ಫ್ರಾವ್‌ಯೋಕ್ ಬಗ್ಗೆ ಯಜಮಾನರು ಕೇಳಿಯೇ ಕೇಳುತ್ತಾರೆ, ಅಲ್ವಾ? 3,454 ಮೀಟರ್ ಎತ್ತರದಲ್ಲಿ, 1912ರಲ್ಲೇ ಬೆಟ್ಟ ಕೊರೆದು ಮಾಡಿದ ರೈಲ್ವೆ ಸ್ಟೇಷನ್ ಅದು. ದೊಡ್ಡ ಸಾಹಸ, ಅನುಮಾನವಿಲ್ಲ. ಆದರೆ ಇಂಟರ್‌ಲಾಕೆನ್‌ನಿಂದ ಹೋಗಿ ಬರುವ ಪೂರ್ತಿ ದರ ತಲೆಗೆ 200 ಫ್ರಾಂಕ್‌ಗಿಂತ ಜಾಸ್ತಿ. ಪಾಸ್ ಇದ್ದರೂ ಮೇಲಿನ ಭಾಗಕ್ಕೆ ಸಿಗುವುದು ಕಾಲು ಭಾಗ ರಿಯಾಯಿತಿ ಮಾತ್ರ. ಮೋಡ ಕವಿದರೆ ಕಾಣುವುದು ಬರೀ ಬಿಳಿ ಗೋಡೆ. ಅಷ್ಟು ಎತ್ತರದಲ್ಲಿ ಗಾಳಿ ತೆಳು, 69ರ ವಯಸ್ಸಿನವರು ಡಾಕ್ಟರನ್ನು ಕೇಳದೆ ಹೋಗಬಾರದು. ನನ್ನ ಸಲಹೆ ಮ್ಯೂರೆನ್. ಲೌಟರ್‌ಬ್ರುನ್ನನ್‌ನಿಂದ ಕೇಬಲ್ ಕಾರ್ ಹತ್ತಿ, ಮೇಲೆ ಪುಟ್ಟ ರೈಲು ಹಿಡಿದರೆ 1,638 ಮೀಟರ್ ಎತ್ತರದ ಈ ಹಳ್ಳಿ ಸಿಗುತ್ತದೆ. ಸ್ವಿಸ್ ಪಾಸಿನಲ್ಲೇ ಬರುತ್ತದೆ, ಬೇರೆ ದುಡ್ಡಿಲ್ಲ. ಹಳ್ಳಿಗೆ ಹೊರಗಿನ ಕಾರುಗಳೇ ಬರುವುದಿಲ್ಲ. ಐಗರ್, ಮೋಂಕ್, ಯುಂಗ್‌ಫ್ರಾವ್ ಮೂರೂ ಶಿಖರಗಳು ಕಣಿವೆಯ ಆಚೆ ಎದುರುಬದುರು ನಿಂತಿರುತ್ತವೆ. ಬೆಂಚಿನ ಮೇಲೆ ಕೂತೇ ನೋಡಬಹುದು. ನಿಮ್ಮವರು ಮತ್ತು ಮಗಳು ಯುಂಗ್‌ಫ್ರಾವ್‌ಯೋಕ್‌ಗೆ ಹೋಗುವುದಾದರೆ ಹೋಗಲಿ, ನೀವು ಅತ್ತೆಯವರ ಜೊತೆ ಮ್ಯೂರೆನ್‌ನಲ್ಲಿರಿ. ಒಂದು ಕುಟುಂಬ ಎಲ್ಲ ದಿನ, ಎಲ್ಲ ಕಡೆ ಒಟ್ಟಿಗೇ ಹೋಗಬೇಕು ಅಂತೇನಿಲ್ಲ.

ಬೆಟ್ಟದ ದಿನವನ್ನು ಮನೆಯಿಂದಲೇ ನಿಗದಿ ಮಾಡಬೇಡಿ. ಅಲ್ಲಿ ಬೆಳಿಗ್ಗೆ ಎದ್ದು ಬೆಟ್ಟದ ವೆಬ್‌ಕ್ಯಾಮ್ ನೋಡಿ, ಬಿಸಿಲಿದ್ದರೆ ಹೊರಡಿ. ಮಳೆ ಬಂದರೆ ದೋಣಿ, ಇಲ್ಲವೇ ಬರ್ನ್ ನಗರ. ಅಲ್ಲಿನ ಹಳೆಯ ಪೇಟೆ ಬೀದಿಗಳಿಗೆ ಉದ್ದಕ್ಕೂ ಜಗಲಿ ಕಟ್ಟಿ ಸೂರು ಹಾಕಿದ ಹಾಗಿದೆ, ನೆನೆಯದೆ ಸುತ್ತಬಹುದು. ನಾಲ್ಕು ರಾತ್ರಿ ಇದ್ದರೆ ಮಾತ್ರ ಹೀಗೆ ಹವಾಮಾನ ನೋಡಿ ದಿನ ಬದಲಿಸಲು ಸಾಧ್ಯ. ಬಸ್ ಟೂರಿನವರಿಗೆ ಅವತ್ತು ಮೋಡ ಇದ್ದರೆ ಮುಗಿಯಿತು.

ಸ್ಪೀಟ್ಸ್‌ನಿಂದ ರೋಮ್‌ಗೆ ಹೋಗುವ ದಿನ ಉದ್ದ. ಮಿಲಾನ್‌ವರೆಗೆ ಮೂರು ಗಂಟೆಯ ಒಳಗೆ, ಅಲ್ಲಿಂದ ರೋಮ್‌ಗೆ ವೇಗದ ರೈಲಿನಲ್ಲಿ ಮೂರು ಗಂಟೆ ಚಿಲ್ಲರೆ. ಮಗಳಿಗೆ ದಾರಿಯಲ್ಲಿ ಎರಡು ಸುರಂಗ ತೋರಿಸಿ. ಮೊದಲು 2007ರ ಲೋಚ್‌ಬರ್ಗ್, 34 ಕಿಲೋಮೀಟರಿಗೂ ಜಾಸ್ತಿ. ಆಮೇಲೆ 1906ರ ಸಿಂಪ್ಲನ್, ಸುಮಾರು 20 ಕಿಲೋಮೀಟರ್. ಒಳಗೆ ಹೋಗುವಾಗ ಸ್ವಿಟ್ಜರ್ಲೆಂಡ್, ಹೊರಗೆ ಬಂದಾಗ ಇಟಲಿ. ಈ ರೈಲಿನಲ್ಲಿ ಪಾಸ್‌ಪೋರ್ಟ್ ಕೈಗೆ ಸಿಗುವ ಹಾಗೆ ಇರಲಿ, ಗಡಿಯಲ್ಲಿ ಒಮ್ಮೊಮ್ಮೆ ಕೇಳುತ್ತಾರೆ.

ರೋಮ್‌ನಲ್ಲಿ ಎರಡಕ್ಕೆ ಮುಂಚೆಯೇ ಟಿಕೆಟ್ ಬೇಕು: ಕೊಲೋಸಿಯಂ ಮತ್ತು ವ್ಯಾಟಿಕನ್ ಮ್ಯೂಸಿಯಂ. ಕೊಲೋಸಿಯಂ ಟಿಕೆಟ್ 30 ದಿನ ಮುಂಚೆ ಬಿಡುತ್ತಾರೆ, ಅದರ ಮೇಲೆ ನಿಮ್ಮ ಹೆಸರಿರುತ್ತದೆ, ಹೆಸರು ಪಾಸ್‌ಪೋರ್ಟಿಗೆ ಹೊಂದಬೇಕು. ವ್ಯಾಟಿಕನ್ ಮ್ಯೂಸಿಯಂ ಭಾನುವಾರ ರಜೆ. ತಿಂಗಳ ಕೊನೆಯ ಭಾನುವಾರ ಮಾತ್ರ ಉಚಿತ ಅಂತ ತೆರೆಯುತ್ತಾರೆ, ಅವತ್ತಿನ ನೂಕುನುಗ್ಗಲಿಗೆ ವಯಸ್ಸಾದವರನ್ನು ಕರೆದೊಯ್ಯಬೇಡಿ. ಚರ್ಚುಗಳಿಗೆ ಹೋಗುವಾಗ ಭುಜ, ಮಂಡಿ ಮುಚ್ಚಿರಬೇಕು. ಒಂದು ಶಾಲು ಬ್ಯಾಗಿನಲ್ಲಿದ್ದರೆ ಸಾಕು.

ರೋಮ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಪ್ಯಾಂಥಿಯನ್. ಹೆಚ್ಚುಕಮ್ಮಿ 1,900 ವರ್ಷದ ಕಟ್ಟಡ. ಗುಮ್ಮಟದ ಅಡ್ಡಳತೆ 43 ಮೀಟರ್ ಮೇಲೆ, ಒಂದು ಕಬ್ಬಿಣದ ಸರಳಿಲ್ಲದ ಕಾಂಕ್ರೀಟು. ನೆತ್ತಿಯಲ್ಲಿ ದೊಡ್ಡ ದುಂಡನೆಯ ಕಿಂಡಿ, ಅದಕ್ಕೆ ಗಾಜಿಲ್ಲ, ಮುಚ್ಚಳವಿಲ್ಲ. ಒಂದು ಸಲ ಒಳಗಿದ್ದಾಗ ಮಳೆ ಬಂತು. ಕಿಂಡಿಯಿಂದ ಮಳೆ ಒಂದು ಕಂಬದ ಹಾಗೆ ನೇರ ನೆಲಕ್ಕೆ ಇಳಿಯಿತು. ಅಮೃತಶಿಲೆಯ ನೆಲ ನಡುವೆ ಸ್ವಲ್ಪ ಉಬ್ಬಿದೆ, ನೀರು ಹರಿದು ಸಣ್ಣ ಸಣ್ಣ ತೂತುಗಳಲ್ಲಿ ಇಳಿದುಹೋಗುತ್ತದೆ. ಸುತ್ತ ನಿಂತವರೆಲ್ಲ ಮಾತು ನಿಲ್ಲಿಸಿ ಅದನ್ನೇ ನೋಡಿದರು. ಮಳೆ ಬಂದರೆ ಹೋಟೆಲ್ ಕಡೆ ಓಡಬೇಡಿ, ಪ್ಯಾಂಥಿಯನ್ ಕಡೆ ಓಡಿ.

ಈಗ ಊಟ. ಮೂರೂ ಊರಿನಲ್ಲಿ ಅಡುಗೆಮನೆ ಇರುವ ಮನೆ ಹಿಡಿಯಿರಿ, ಸ್ವಿಟ್ಜರ್ಲೆಂಡಿನಲ್ಲಂತೂ ಖಂಡಿತ. ಅಲ್ಲಿ ಹೋಟೆಲ್ ಊಟ ತುಂಬಾ ದುಬಾರಿ. ಮಿಗ್ರೋಸ್, ಕೋ-ಆಪ್ ಅಂಗಡಿಗಳಲ್ಲಿ ಅಕ್ಕಿ, ತರಕಾರಿ ಸಿಗುತ್ತದೆ, 'ನಾಟ್ಯೂರ್' ಅಂತ ಬರೆದ ಸಪ್ಪೆ ಮೊಸರೂ ಸಿಗುತ್ತದೆ. ಅನ್ನ ಮಾಡಿ, ಆ ಮೊಸರು ಕಲಸಿ, ಊರಿಂದ ತಂದ ಉಪ್ಪಿನಕಾಯಿ ಹಾಕಿದರೆ ಅತ್ತೆಯವರ ಊಟದ ಚಿಂತೆ ಮುಗಿಯಿತು. ಅವಲಕ್ಕಿ, ರವೆ, ಚಟ್ನಿಪುಡಿ ತೆಗೆದುಕೊಂಡು ಹೋಗಿ. ಆದರೆ ಹಾಲಿನ ಪದಾರ್ಥ ಯಾವುದೂ ಬೇಡ. ತುಪ್ಪ, ಪೇಡ, ಖೋವಾ ಸಿಹಿ ಯುರೋಪಿನ ಒಳಗೆ ಬಿಡುವುದಿಲ್ಲ. ಮಾವಿನಹಣ್ಣು, ಹಸಿ ಕರಿಬೇವು ಕೂಡ ಬೇಡ. ಬಾಳೆಹಣ್ಣು, ತೆಂಗಿನಕಾಯಿಗೆ ಅಡ್ಡಿಯಿಲ್ಲ.

ಅಲ್ಲಿ 'ವೆಜಿಟೇರಿಯನ್' ಅಂದರೆ ಮೊಟ್ಟೆ ಸೇರಿರಬಹುದು. "ಮೊಟ್ಟೆ ಬೇಡ, ಮಾಂಸದ ಸಾರು ಬೇಡ" ಅಂತ ಫ್ರೆಂಚ್, ಜರ್ಮನ್, ಇಟಾಲಿಯನ್ ಭಾಷೆಗೆ ಅನುವಾದ ಮಾಡಿ ಫೋನಿನಲ್ಲಿಟ್ಟುಕೊಂಡು ತೋರಿಸಿ. ಫ್ರಾನ್ಸಿನ ಈರುಳ್ಳಿ ಸೂಪ್ ಹೆಸರಿಗೆ ಈರುಳ್ಳಿ, ಸಾಮಾನ್ಯವಾಗಿ ದನದ ಮಾಂಸದ ಸಾರಿನಲ್ಲಿ ಮಾಡುತ್ತಾರೆ. ಬ್ಯಾಗೆಟ್ ಬ್ರೆಡ್‌ನಲ್ಲಿ ಹಿಟ್ಟು, ನೀರು, ಉಪ್ಪು, ಯೀಸ್ಟ್, ಅದಕ್ಕೆ ಭಯವಿಲ್ಲ. ಇಟಲಿಯಲ್ಲಿ ತಾಜಾ ಪಾಸ್ತಾಕ್ಕೆ ಬಹಳ ಸಲ ಮೊಟ್ಟೆ ಹಾಕಿರುತ್ತಾರೆ. ಸ್ಪಗೆಟ್ಟಿ, ಪೆನ್ನೆಯಂಥ ಒಣ ಪಾಸ್ತಾ ಸಾಮಾನ್ಯವಾಗಿ ಬರೀ ಗೋಧಿ, ನೀರು. ಇನ್ನೊಂದು ವಿಷಯ ಅತ್ತೆಯವರಿಗೆ ಮುಂಚೆಯೇ ಹೇಳಿಬಿಡಿ. ಪಾರ್ಮೆಸಾನ್, ಗ್ರೂಯೇರ್ ಥರದ ಚೀಸ್ ಮಾಡುವಾಗ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಗೊತ್ತಿಲ್ಲದೆ ತಿಂದು ಆಮೇಲೆ ನೊಂದುಕೊಂಡವರನ್ನು ನೋಡಿದ್ದೇನೆ. ಅವರು ಬೇಡ ಅಂದರೆ ಪಿಜ್ಜಾ ಮರಿನಾರಾ ಕೇಳಿ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ, ಚೀಸ್ ಇರುವುದೇ ಇಲ್ಲ. ಪ್ಯಾರಿಸ್‌ನಲ್ಲಿ ಇಡ್ಲಿ ದೋಸೆ ನೆನಪಾದರೆ ಗಾರ್ ದ್ಯು ನಾರ್ ಸ್ಟೇಷನ್ ಹಿಂದಿನ ಲಾ ಶಪೆಲ್ ಬೀದಿಗೆ ಹೋಗಿ, ಶ್ರೀಲಂಕಾ ತಮಿಳರ ಅಂಗಡಿ, ಹೋಟೆಲ್‌ಗಳು ಸಾಲಾಗಿವೆ.

ಕುಡಿಯುವ ನೀರಿಗೆ ದುಡ್ಡು ಹಾಕಬೇಡಿ. ಮೂರೂ ಊರಿನಲ್ಲಿ ನಲ್ಲಿ ನೀರು ಕುಡಿಯಬಹುದು. ರೋಮ್‌ನಲ್ಲಂತೂ ಬೀದಿಬೀದಿಯಲ್ಲಿ 'ನಾಸೋನೆ' ಅನ್ನುವ ಕಬ್ಬಿಣದ ನಲ್ಲಿಗಳು ಹಗಲು ರಾತ್ರಿ ಹರಿಯುತ್ತಿರುತ್ತವೆ. ನಾಲ್ಕು ಬಾಟಲಿ ಇಟ್ಟುಕೊಳ್ಳಿ. ಇಟಲಿಯ ಬಾರ್‌ಗಳಲ್ಲಿ ಕೌಂಟರ್ ಹತ್ತಿರ ನಿಂತು ಕಾಫಿ ಕುಡಿದರೆ ಒಂದು ದರ, ಮೇಜಿನ ಹತ್ತಿರ ಕೂತರೆ ಇನ್ನೊಂದು.

ಕಾರ್ಡ್ ಮೆಷಿನ್ "ಯೂರೋದಲ್ಲಿ ಕೊಡುತ್ತೀರಾ, ರೂಪಾಯಲ್ಲಿ ಕೊಡುತ್ತೀರಾ?" ಅಂತ ಕೇಳುತ್ತದೆ. ಯಾವಾಗಲೂ ಯೂರೋ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರ ನಿಮಗೆ ನಷ್ಟವಾಗುವ ಹಾಗೆ ಹಾಕುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ ಫ್ರಾಂಕ್. ಆ ದೇಶ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ, ಹಾಗಾಗಿ ಕೆಲವು ಫೋನ್ ಪ್ಯಾಕ್‌ಗಳು ಅಲ್ಲಿ ನಡೆಯುವುದಿಲ್ಲ. ಸಿಮ್ ಕೊಳ್ಳುವಾಗ ಸ್ವಿಟ್ಜರ್ಲೆಂಡ್ ಹೆಸರು ಪಟ್ಟಿಯಲ್ಲಿದೆಯೇ ನೋಡಿ.

ಕಳ್ಳರ ಬಗ್ಗೆ ಹೆದರಿಸುವುದಿಲ್ಲ, ಆದರೆ ಎಚ್ಚರಿಕೆ ಬೇಕು. ಒಂದು ಮೆಟ್ರೋ ಸ್ಟೇಷನ್ನಿನಲ್ಲಿ ನನ್ನ ಗುಂಪಿನವರೊಬ್ಬರು ರೈಲು ಹತ್ತುವಾಗ ಮುಂದಿದ್ದವನು ಬಾಗಿಲಲ್ಲೇ ನಿಂತುಬಿಟ್ಟ. ಹಿಂದಿನಿಂದ ಇಬ್ಬರು ತಳ್ಳಿದರು. ಬಾಗಿಲು ಮುಚ್ಚುವ ಹೊತ್ತಿಗೆ ಆ ಮೂವರೂ ಕೆಳಗಿಳಿದಿದ್ದರು, ಪ್ಯಾಂಟಿನ ಜೇಬಿನ ಪರ್ಸ್ ಅವರ ಜೊತೆ ಹೋಗಿತ್ತು. ಎಲ್ಲ ನಡೆದದ್ದು ಹತ್ತು ಸೆಕೆಂಡಿನಲ್ಲಿ. ಯಜಮಾನರ ಹಿಂದಿನ ಜೇಬಿನಲ್ಲಿ ಏನೂ ಇರಬಾರದು. ಎಲ್ಲ ಕಾರ್ಡುಗಳನ್ನು ಒಬ್ಬರ ಹತ್ತಿರವೇ ಇಡಬೇಡಿ. ಸಹಿ ಹಾಕಿ ಅಂತ ಕಾಗದ ಹಿಡಿದು ಬರುವವರ, ಕೈಗೆ ದಾರ ಕಟ್ಟಲು ಬರುವವರ ಮುಂದೆ ನಿಲ್ಲದೆ ನಡೆದುಬಿಡಿ.

ಕೊನೆಯದಾಗಿ ವೀಸಾ. ಅತಿ ಹೆಚ್ಚು ರಾತ್ರಿ ಇರುವ ದೇಶಕ್ಕೇ ಅರ್ಜಿ ಹಾಕಬೇಕು, ನಿಮಗೆ ಅದು ಫ್ರಾನ್ಸ್. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಬೇಸಿಗೆ ರಜೆಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಆದ್ದರಿಂದ ಡಿಸೆಂಬರ್, ಜನವರಿಯಲ್ಲೇ ಶುರು ಮಾಡಿ. 2024ರ ಜೂನ್‌ನಿಂದ ವೀಸಾ ಶುಲ್ಕ ದೊಡ್ಡವರಿಗೆ 90 ಯೂರೋ. 12 ದಾಟಿದ ನಿಮ್ಮ ಮಗಳಿಗೂ ಅಷ್ಟೇ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಅತ್ತೆಯವರ ಬಿಪಿ, ಶುಗರ್ ಇದ್ದರೆ ವಿಮೆಯವರಿಗೆ ಮುಚ್ಚಿಡದೆ ಹೇಳಿ. ವೀಸಾ ಬರುವವರೆಗೆ ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ಹೋಟೆಲ್‌ಗಳನ್ನೇ ಬುಕ್ ಮಾಡಿ.

ಈ ವಾರ ಮಾಡಬೇಕಾದ ಕೆಲಸ ಒಂದಿದೆ. ನಾಲ್ಕೂ ಪಾಸ್‌ಪೋರ್ಟ್ ತೆಗೆದು ನೋಡಿ. ವಾಪಸ್ ಹೊರಡುವ ದಿನದಿಂದ ಕನಿಷ್ಠ ಮೂರು ತಿಂಗಳು ಅವಧಿ ಉಳಿದಿರಬೇಕು, ಎರಡು ಪುಟ ಖಾಲಿ ಇರಬೇಕು. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆ, ಆದ್ದರಿಂದ ಮೊದಲು ಮಗಳದ್ದನ್ನು ನೋಡಿ.